ಮನೆಗೆ ಆರೋಗ್ಯ ಸರ್ವೆಯವರು ಬಂದರೆ ಏನು ಮಾಡಬೇಕು?

ಮಣಿಪಾಲ, ದೇರಳಕಟ್ಟೆ, ಕಂಕನಾಡಿ... ನಮ್ಮ ಕರಾವಳಿಯಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರವಿಲ್ಲ. ಇಂಥ ಕಾಲೇಜುಗಳ ವಿದ್ಯಾರ್ಥಿಗಳು ಬಿಪಿ, ಶುಗರ್, ಮಲೇರಿಯಾ, ಇಲಿಜ್ವರದ ಮಾಹಿತಿ ಕೇಳಿಕೊಂಡು ಮನೆಗೆ ಬರುವುದುಂಟು. ಕೆಲವೊಮ್ಮೆ ಊರಿನ ಆಶಾ ಕಾರ್ಯಕರ್ತೆಯೂ ಜೊತೆಗಿರುತ್ತಾರೆ. "ನಮ್ಮಲ್ಲಿ ಎಲ್ಲರೂ ಸೌಖ್ಯ, ಪಕ್ಕದ ಮನೆಯಲ್ಲಿ ಕೇಳಿ" ಎಂದು ಗೇಟಿನಿಂದಲೇ ಕಳಿಸಿಬಿಡುತ್ತೇವೆ, ಅಲ್ವಾ?

ದಯವಿಟ್ಟು ಹಾಗೆ ಕಳಿಸಬೇಡಿ. ಇಂಥ ಸರ್ವೆಗಳಲ್ಲಿ ಸಾಮಾನ್ಯವಾಗಿ ಮನೆಗಳ ಪಟ್ಟಿ ಇಟ್ಟುಕೊಂಡು ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸುತ್ತಾರೆ. ನಿಮ್ಮ ಬದಲು ಪಕ್ಕದ ಮನೆ ಆಗುವುದಿಲ್ಲ. ಕಾಯಿಲೆ ಇದ್ದವರಷ್ಟೇ ಉತ್ತರ ಕೊಟ್ಟರೆ ಊರಿಗೆಲ್ಲ ಕಾಯಿಲೆ ಇದ್ದಂತೆ ಲೆಕ್ಕ ಬರುತ್ತದೆ. ಹಗಲು ಮನೆಯಲ್ಲಿ ಇರುವವರಷ್ಟೇ ಸಿಕ್ಕರೆ ಮಲ್ಪೆ ಬಂದರಿನಲ್ಲಿ ದುಡಿಯುವವರ ಆರೋಗ್ಯ ಲೆಕ್ಕಕ್ಕೇ ಸಿಗುವುದಿಲ್ಲ. ಈಗ ಪುರುಸೊತ್ತಿಲ್ಲದಿದ್ದರೆ ಸಂಜೆ ಬರಲು ಹೇಳಿ.

ಮೊದಲು ಕೇಳಿ, ಆಮೇಲೆ ಸಹಿ

ಯಾವ ಕಾಲೇಜು, ಯಾವ ವಿಭಾಗ, ಎಷ್ಟು ಹೊತ್ತು ಬೇಕು, ರಕ್ತ ತೆಗೆಯುತ್ತಾರಾ? ಕೇಳಲು ಸಂಕೋಚ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಸಂಶೋಧನೆಗೆ ಭಾಗವಹಿಸುವವರ ಸುರಕ್ಷತೆ, ಹಕ್ಕು ನೋಡಿಕೊಳ್ಳುವ ನೈತಿಕ ಸಮಿತಿಯ ಪರಿಶೀಲನೆ ಆಗಿರಬೇಕು. ಒಪ್ಪಿಗೆಯ ಸಹಿಗೆ ಮೊದಲು ಕೊಡುವ, ಸರ್ವೆಯ ವಿವರ ಇರುವ ಮಾಹಿತಿ ಪತ್ರದಲ್ಲಿ ಅವರ ಫೋನ್ ನಂಬರ್ ಇರುತ್ತದೆ. ಒಂದು ಪ್ರತಿ ಇಟ್ಟುಕೊಳ್ಳಿ. ಮನೆಯ ಹಿರಿಯರಿಗೆ ತುಳುವೋ ಕೊಂಕಣಿಯೋ ಬ್ಯಾರಿಯೋ ಸಲೀಸಾದರೆ ಅದರಲ್ಲೇ ವಿವರಿಸಲು ಹೇಳಿ. ಓದಲು ಬಾರದವರಿಗೆ ಪತ್ರ ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ತೆಗೆದುಕೊಳ್ಳಬೇಕು. 18 ತುಂಬದ ಮಕ್ಕಳಿಗೆ ಅಪ್ಪ ಅಥವಾ ಅಮ್ಮನ ಸಹಿ ಬೇಕು. 7 ವರ್ಷ ದಾಟಿದ ಮಗುವನ್ನೂ ಒಪ್ಪಿಗೆ ಕೇಳಬೇಕು.

ಬ್ಯಾಂಕ್ ಪಾಸ್‌ವರ್ಡ್, ಒಟಿಪಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಆರೋಗ್ಯ ಸರ್ವೆಗೆ ಅವು ಬೇಡ.

ಇದ್ದದ್ದನ್ನು ಇದ್ದ ಹಾಗೆ ಹೇಳಿ

ಇದೇ ಮುಖ್ಯ. ಎದುರು ಕೂತವರು ಡಾಕ್ಟರು ಅಂತ ನಾವು ಒಳ್ಳೆಯ ಉತ್ತರ ಹುಡುಕುತ್ತೇವೆ. "ಉಪ್ಪು ಕಡಿಮೆಯೇ, ದಿನಾ ವಾಕಿಂಗ್ ಹೋಗುತ್ತೇನೆ" ಎನ್ನುತ್ತೇವೆ. ಅದು ಪರೀಕ್ಷೆ ಅಲ್ಲ, ಯಾರೂ ಮಾರ್ಕು ಹಾಕುವುದಿಲ್ಲ. ನಿನ್ನೆ ಏನು ತಿಂದಿರಿ ಎಂದರೆ ಬೆಳಿಗ್ಗೆಯ ಕುಚ್ಚಲಕ್ಕಿ ಗಂಜಿಯ ಜೊತೆಗಿದ್ದ ಉಪ್ಪಿನಕಾಯಿ, ಒಣಮೀನಿನ ಚಟ್ನಿಯನ್ನೂ ಹೇಳಿ. ದಿನಕ್ಕೆ ಎಷ್ಟು ಉಪ್ಪು ಎಂದು ಯಾರೂ ಅಳೆದಿರುವುದಿಲ್ಲ. ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತೀರಿ, ಮನೆಯಲ್ಲಿ ಎಷ್ಟು ಜನ, ಅಷ್ಟು ಹೇಳಿದರೂ ಅಂದಾಜು ಸಿಗುತ್ತದೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 1 ಕೆ.ಜಿ. ಮುಗಿದರೆ ಒಬ್ಬರಿಗೆ ದಿನಕ್ಕೆ ಸುಮಾರು 8 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ. ನೀವು ಸುಮ್ನೆ "ಕಡಿಮೆ" ಅಂದುಬಿಟ್ಟರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಕುಡಿತ, ಬೀಡಿ, ಮುಟ್ಟಿನ ತೊಂದರೆ, ಮನಸ್ಸಿನ ಬೇಸರ. ಇವನ್ನೆಲ್ಲ ಅತ್ತೆ ಎದುರು ಸೊಸೆ, ಮಕ್ಕಳ ಎದುರು ಅಪ್ಪ ಹೇಗೆ ಹೇಳುತ್ತಾರೆ? "ಸ್ವಲ್ಪ ಆಚೆ ಕೂತು ಮಾತಾಡುವ" ಎಂದು ಕೇಳಿ. ಬೇರೆಯವರ ಪರವಾಗಿ ನೀವೇ ಉತ್ತರಿಸಬೇಡಿ. ಬೇಡವೆನಿಸಿದ ಪ್ರಶ್ನೆ ಬಿಡಬಹುದು.

ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸ್ಟ್ರಿಪ್ಪನ್ನೇ ತಂದು ತೋರಿಸಿ. "ಬಿಳಿ, ಉರುಟು ಮಾತ್ರೆ" ಎಂದರೆ ಯಾವುದೆಂದು ಗೊತ್ತಾಗುವುದಿಲ್ಲ.

ಬಿಪಿ ನೋಡುವಾಗ

ಅರ್ಧ ಗಂಟೆ ಮೊದಲು ಚಾ, ಕಾಫಿ, ಬೀಡಿ ಬೇಡ. ಅಂಗಳ ಗುಡಿಸಿ ಬಂದವರು ಕೂಡಲೇ ಕೈ ಚಾಚಬೇಡಿ. 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತುಕೊಳ್ಳಿ. ಬಿಪಿ ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿ ತೋಳಿಗೆ ಸುತ್ತಬೇಕು. ಕೈ ಎದೆಯ ಮಟ್ಟದಲ್ಲಿರಲಿ, ಮಾತು ಬೇಡ. ಎರಡು ಸಲ ನೋಡಲು ಹೇಳಿ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ, ಒಂದು ದಿನದ ಅಳತೆಯಿಂದ ಕಾಯಿಲೆ ಎಂದಾಗುವುದಿಲ್ಲ. ಚೀಟಿಯಲ್ಲಿ ಬರೆಸಿಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸರ್ವೆ ಮಾಡಿದ್ದರಿಂದ ಚಿಕಿತ್ಸೆ ಆಯಿತು ಎಂದುಕೊಳ್ಳಬೇಡಿ.

ನಡುವೆ ಬೇಡವೆನಿಸಿದರೆ ನಿಲ್ಲಿಸಬಹುದು. ಕಾರಣ ಹೇಳಬೇಕಿಲ್ಲ, ಆ ಕಾಲೇಜಿನ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಚಿಕಿತ್ಸೆಗೂ ತೊಂದರೆ ಆಗಬಾರದು. ಕೊಟ್ಟ ಮಾಹಿತಿ ಹಿಂದಕ್ಕೆ ಬೇಕಾದರೆ ಮಾತ್ರ ಬೇಗ ಫೋನ್ ಮಾಡಿ. ಹೆಸರು, ವಿಳಾಸ ಪೂರ್ತಿ ತೆಗೆದುಹಾಕಿದ ಮೇಲೆ ನಿಮ್ಮ ಉತ್ತರ ಯಾವುದೆಂದು ಅವರಿಗೂ ಗುರುತಿಸಲಾಗುವುದಿಲ್ಲ.