ಹಿಮ್ಮಡಿ ಮಾತ್ರ ಬದಲಾಯಿಸುವ ಕಾಲುಚೀಲ: ನನ್ನ ಅನುಭವ

ಮಾವನವರಿಗೆ ನಾನೇ ಹೆಣೆದ ಉಣ್ಣೆ ಕಾಲುಚೀಲಕ್ಕೆ ಈ ಮಳೆಗಾಲದಲ್ಲಿ ಮೂರನೇ ಹಿಮ್ಮಡಿ ಕೂರಿಸಿದೆ. ಚೀಲ ಮಾತ್ರ ಎರಡು ವರ್ಷದ ಹಿಂದಿನದೇ. ಸವೆದ ಹಿಮ್ಮಡಿ ಮಾತ್ರ ಬಿಚ್ಚಿ ಹೊಸದು ಹಾಕುವುದು ಆಗದ ಕೆಲಸ ಅಂದವರು ಬಹಳ ಜನ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿರುವ ಊರು. ಜೂನ್ ಬಂತೆಂದರೆ ಮನೆಯೊಳಗಿನ ನೆಲವೂ ಕೊರೆಯುತ್ತದೆ. ಮಾವನವರಿಗೆ ಕಾಲುಚೀಲ ಇಲ್ಲದೆ ಆಗುವುದಿಲ್ಲ. ಆದರೆ ಅವರ ಹಿಮ್ಮಡಿ ತುಂಬ ಒಡೆದಿದೆ. ಒಡಕಿನ ಒರಟು ಅಂಚು ಅರದ ಹಾಗೆ ನೂಲನ್ನು ಸವೆಸುತ್ತದೆ. ಉಳಿದದ್ದೆಲ್ಲ ಗಟ್ಟಿ, ಹಿಮ್ಮಡಿಯಲ್ಲಿ ಮಾತ್ರ ನಾಣ್ಯದಷ್ಟು ತೂತು. ರಫೂ ಮಾಡಿ ಕೊಟ್ಟರೆ ಒತ್ತುತ್ತದೆ ಅಂತ ಬಿಚ್ಚಿಡುತ್ತಾರೆ.

ಫ್ಲ್ಯಾಪ್ ಇರುವ, ಅಂದರೆ ಹಿಂಬದಿಗೆ ಪಟ್ಟಿ ಹೆಣೆದು ಅದರ ಅಂಚಿನಿಂದಲೇ ಪಾದ ಮುಂದುವರಿಸುವ ಹಿಮ್ಮಡಿಯಲ್ಲಿ ಅಷ್ಟು ಭಾಗ ಮಾತ್ರ ಬಿಚ್ಚಲು ಬರುವುದಿಲ್ಲ ಅಲ್ವಾ? ಹಾಗಾಗಿ ಇಡೀ ಚೀಲವನ್ನು ಕೊಳವೆಯ ಹಾಗೆ ಹೆಣೆದು, ಹಿಮ್ಮಡಿಯ ಜಾಗದಲ್ಲಿ ಅರ್ಧ ಸುತ್ತು ಬೇರೆ ಬಣ್ಣದ ನೂಲು ಸೇರಿಸಿ, ಕೊನೆಗೆ ಅದನ್ನು ಎಳೆದು ತೆಗೆದು, ಅಲ್ಲಿ ತೆರೆದುಕೊಂಡ ಕುಣಿಕೆಗಳನ್ನು ಕಡ್ಡಿಗೆ ಎತ್ತಿ ಹಿಮ್ಮಡಿ ಹೆಣೆದು ಕೂರಿಸುವ ದಾರಿ ಹಿಡಿದೆ. ಹೆಣೆಯುವವರಿಗೆ ಇದು ಹೊಸದಲ್ಲ. ಗೊತ್ತಿದ್ದವರೇ ಬೇಡ ಅಂದರು. ಆಳ ಸಾಲುವುದಿಲ್ಲ, ಪಾದದ ಮೇಲೆ ಬಿಗಿಯುತ್ತದೆ ಅಂದರು. ನಾನು ನೂಲು ಎಳೆಯುವಾಗ ಅತ್ತೆ ಕೈಯನ್ನೇ ಹಿಡಿದುಕೊಂಡರು. "ಬೇಡ ಮಾರಾಯ್ತಿ, ಪೂರ್ತಿ ಬಿಚ್ಚಿ ಹೋಗತ್ತೆ" ಅಂತ. ಎಳೆದೆ. 32 ಕುಣಿಕೆ ಮೇಲೆ, 32 ಕೆಳಗೆ, ಬಾಯಿ ಬಿಟ್ಟುಕೊಂಡು ಸುಮ್ನೆ ನಿಂತವು. ಒಂದೂ ಜಾರಲಿಲ್ಲ.

ಆದರೂ ಮೊದಲ ಜೋಡಿ ಕೆಟ್ಟಿತು. ಬೇರೆ ನೂಲನ್ನು ಹಿಮ್ಮಡಿಯ ತುದಿ ಬರುವಲ್ಲಿ ಸೇರಿಸಿದ್ದೆ. ಅಲ್ಲಿಂದ ಹಿಮ್ಮಡಿ ಇನ್ನೂ ಸುಮಾರು ಎರಡು ಇಂಚು ಹಿಂದಕ್ಕೆ ಬೆಳೆಯುತ್ತದೆ, ಆ ಲೆಕ್ಕ ಬಿಟ್ಟಿದ್ದೆ. ಪಾದ ಅಷ್ಟು ಉದ್ದವಾಯಿತು. ಎರಡನೇ ಜೋಡಿಯಲ್ಲಿ ಜಾಗ ಸರಿಹೋಯಿತು, ಆದರೆ ಬೇಡ ಅಂದವರು ಹೇಳಿದ್ದೇ ಆಯಿತು. ಕುಣಿಕೆ ಎತ್ತಿದ ಕೂಡಲೇ ಇಳಿಸಲು, ಅಂದರೆ ಎರಡನ್ನು ಒಂದಾಗಿ ಹೆಣೆದು ಕಡಿಮೆ ಮಾಡಲು, ಶುರು ಮಾಡಿದ್ದೆ. ಹಿಮ್ಮಡಿ ಆಳವಿಲ್ಲದೆ, ಮಾವನವರ ಕಾಲು ಅರ್ಧದಲ್ಲೇ ಸಿಕ್ಕಿಕೊಂಡಿತು. ಮೂರನೆಯದನ್ನು ಕೆಡಿಸಿದ್ದು ಹೆಣಿಗೆಯಲ್ಲ. ಹಂಡೆಯ ಬಿಸಿನೀರಲ್ಲಿ ಉಜ್ಜಿ ತೊಳೆದೆ. ಉಣ್ಣೆ ಕುಗ್ಗಿ, ದಪ್ಪವಾಗಿ, ಮಗುವಿನ ಕಾಲಿನಷ್ಟಾಯಿತು.

ಉಣ್ಣೆ-ನೈಲಾನ್ ಸೇರಿದ ನೂರು ಗ್ರಾಂ ನೂಲಿಗೆ ಆಗ ಕೊರಿಯರ್ ಸೇರಿ 1,200 ರೂಪಾಯಿ ಹತ್ತಿರ ಬಿದ್ದಿತ್ತು. ಮೂರು ಜೋಡಿ ಅಂದರೆ ಮೂರೂವರೆ ಸಾವಿರದ ಮೇಲೆ ಹೋಯಿತು. ನಡುವೆ ಅಗ್ಗಕ್ಕೆಂದು ಶಿವಮೊಗ್ಗದ ಗಾಂಧಿ ಬಜಾರಿನಿಂದ ಅಕ್ರಿಲಿಕ್ ತಂದೆ. ಕಾಲು ಬೆವರುತ್ತದೆ ಅಂದರು ಮಾವ. ಬಚ್ಚಲೊಲೆಯ ಮೇಲೆ ಒಣಹಾಕಿದ್ದು ಕಾವಿಗೆ ಹಾಳಾಯಿತು. ಅಲ್ಲಿಗೆ ಅದನ್ನು ಬಿಟ್ಟೆ.

ನಾಲ್ಕನೇ ಜೋಡಿಯಲ್ಲಿ ಕೂಡಿಬಂತು. 2.5 ಎಂ.ಎಂ. ಕಡ್ಡಿ, 64 ಕುಣಿಕೆ. ತೆರೆದ ಬಾಯಿಯ ಎರಡೂ ಮೂಲೆಯಲ್ಲಿ ಎರಡೆರಡು ಹೆಚ್ಚಿಗೆ ಎತ್ತಿದೆ, 68 ಆಯಿತು. ಇಳಿಸುವ ಮೊದಲು ಸೀದಾ ಎಂಟು ಸುತ್ತು. ಗುಟ್ಟು ಇರುವುದು ಈ ಸುತ್ತುಗಳಲ್ಲೇ. ನಾಲ್ಕು ಸಾಲುವುದಿಲ್ಲ, ಹನ್ನೆರಡಾದರೆ ಚೀಲ ಜೋತು ಬೀಳುತ್ತದೆ. ಆಮೇಲೆ ಸುತ್ತು ಬಿಟ್ಟು ಸುತ್ತಿಗೆ ನಾಲ್ಕು ಇಳಿಸಿ, ಇಪ್ಪತ್ತನಾಲ್ಕು ಉಳಿದಾಗ ಸೂಜಿಯಲ್ಲಿ ಕೂಡಿಸಿದೆ. ಮೂಲೆಯಲ್ಲಿ ತೂತು ಉಳಿಯುತ್ತದೆ ಅಂತ ಎಲ್ಲರೂ ಗೋಳಾಡುತ್ತಾರೆ. ನನ್ನದರಲ್ಲಿ ಉಳಿಯುವುದಿಲ್ಲ. ಅದು ಹೇಗೆ ಅನ್ನುವುದು ಸದ್ಯಕ್ಕೆ ನನ್ನ ಕೈಯಲ್ಲೇ ಇರಲಿ.

ಹೊಸ ಹಿಮ್ಮಡಿ ಜೋಡಿಗೆ ಹತ್ತು-ಹನ್ನೆರಡು ಗ್ರಾಂ ನೂಲು ಸಾಕು. ಅಂದರೆ ಆಗಿನ ದರದಲ್ಲಿ ಸುಮಾರು ನೂರೈವತ್ತು ರೂಪಾಯಿ, ಎರಡು ಸಂಜೆಯ ಕೆಲಸ.

ಉಳಿದ ಬಿಳಿ ನೂಲಿಗೆ ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಬಣ್ಣ ಹಾಕಿದ್ದನ್ನೂ ಹೇಳಬೇಕು. ಹೆಗ್ಗೋಡಿನ ಚರಕ ಎಂಬ ಮಹಿಳೆಯರ ಕೈಮಗ್ಗ ಸಹಕಾರ ಸಂಘದಲ್ಲಿ ಹತ್ತಿ ಬಟ್ಟೆಗೆ ಚೊಗರಿನ ಬಣ್ಣ ಹಾಕುತ್ತಾರೆ, ಉಣ್ಣೆಗೆ ಹತ್ತದೇ ಇರುತ್ತದಾ ಅನಿಸಿತು. ಚೊಗರನ್ನು ಎತ್ತಿಟ್ಟು, ಅದರಲ್ಲಿ ನೂಲನ್ನು ರಾತ್ರಿಯಿಡೀ ನೆನೆಸಿ, ಸಣ್ಣ ಉರಿಯಲ್ಲಿಟ್ಟೆ. ಕುದಿಸಲಿಲ್ಲ, ಹಂಡೆಯ ಪಾಠ ಮರೆತಿರಲಿಲ್ಲ. ಕೆಂಪು-ಕಂದು ಬಣ್ಣ ಚೆನ್ನಾಗಿ ಹಿಡಿಯಿತು. ಇನ್ನೊಂದು ಲಡಿಗೆ ತುಕ್ಕು ಮೊಳೆ ಹಾಕಿದೆ, ಕಪ್ಪಿಗೆ ತಿರುಗಿತು. ಬಣ್ಣ ಬಹಳ ಚೆಂದ. ಆದರೆ ಕಬ್ಬಿಣ ಉಣ್ಣೆಯನ್ನು ಬಡವಾಗಿಸುತ್ತದೆ. ಆ ಕಪ್ಪು ಹಿಮ್ಮಡಿ ಎರಡು ತಿಂಗಳೂ ಬಾಳಲಿಲ್ಲ. ಬರೀ ಚೊಗರಿನದು ಇನ್ನೂ ಗಟ್ಟಿ ಇದೆ.

ಈ ವಾರ ಕಡ್ಡಿಯ ಮೇಲಿರುವುದು ಅತ್ತೆಯ ಜೋಡಿ. ಪಾದ ಸಣ್ಣದು, 56 ಕುಣಿಕೆ ಹಾಕಿದ್ದೇನೆ. ಬೇರೆ ನೂಲು ಎಳೆಯುವ ದಿನ ತನ್ನನ್ನೂ ಕರೆಯಬೇಕು, ತಾನೇ ಎಳೆಯಬೇಕು ಅಂದಿದ್ದಾರೆ.