ಹಳೇ ಮನೆ ರಿಪೇರಿಗೆ ಮುಂಚೆ ಒಂದು ಟೇಪು, ಒಂದು ನೋಟ್‌ಬುಕ್

ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಹಳೇ ಮನೆಯ ಮಾತು ಬಂದೇ ಬರುತ್ತದೆ. ಹೆಂಚು ಸೋರುತ್ತಿದೆ, ಗೋಡೆ ಉದುರುತ್ತಿದೆ, ಏನಾದರೂ ಮಾಡಬೇಕು. ಒಬ್ಬರು ಕೆಡವಿಬಿಡೋಣ ಅನ್ನುತ್ತಾರೆ. ಇನ್ನೊಬ್ಬರು ಸಿಮೆಂಟ್ ಹೊಡೆಸಿ ಟೈಲ್ಸ್ ಹಾಕಿಸೋಣ ಅನ್ನುತ್ತಾರೆ. ಮುಂದಿನ ವಾರ ಮೇಸ್ತ್ರಿ ಬಂದು, ಸುತ್ತ ಒಂದು ನೋಟ ಹಾಕಿ, ಅಡ್ವಾನ್ಸ್ ತಗೊಂಡು ಹೋಗಿರುತ್ತಾರೆ. ಮನೆ ಹೇಗಿದೆ ಅಂತ ಒಂದು ಗೆರೆಯನ್ನೂ ಯಾರೂ ಹಾಕಿಟ್ಟಿರುವುದಿಲ್ಲ.

ಆ ಅಡ್ವಾನ್ಸ್ ಕೊಡುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಇದು. ಮನೆಯನ್ನು ಅಳೆದು, ಬರೆದು, ಫೋಟೊ ತೆಗೆದು ಇಡುವುದು. ಸರ್ಕಾರ ಮಾಡುತ್ತದೆ ಅಂತ ಕಾಯಬೇಡಿ. ಕೇಂದ್ರದ 1958ರ ಕಾಯ್ದೆ, ಕರ್ನಾಟಕದ 1961ರ ಕಾಯ್ದೆ ಎರಡೂ ನೋಡಿಕೊಳ್ಳುವುದು ಸ್ಮಾರಕ ಅಂತ ಘೋಷಣೆಯಾದ ಕಟ್ಟಡಗಳನ್ನು. ನಿಮ್ಮ ಅಜ್ಜ ಕಟ್ಟಿಸಿದ ತೊಟ್ಟಿ ಮನೆ ಆ ಪಟ್ಟಿಯಲ್ಲಿ ಇರುವ ಸಾಧ್ಯತೆ ತೀರಾ ಕಡಿಮೆ. ಇನ್ನೊಂದು ಮಾತು: ಇದನ್ನು ಬರೀ ನೆನಪಿಗೆ ಅಂದುಕೊಂಡರೆ ಅರ್ಧ ಲಾಭ ಹೋಯಿತು. ಸರಿಯಾಗಿ ಅಳೆದರೆ ಮನೆಗೆ ಏನಾಗಿದೆ, ಯಾಕಾಗಿದೆ ಅನ್ನುವುದು ಕಾಗದದ ಮೇಲೇ ಕಾಣುತ್ತದೆ. ಎಷ್ಟೋ ಸಲ ರಿಪೇರಿಯ ಖರ್ಚು ಅಲ್ಲೇ ಅರ್ಧ ಆಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಬೇಕಾದ ಸಾಮಾನು

5 ಮೀಟರಿನ ಸ್ಟೀಲ್ ಟೇಪು, 30 ಮೀಟರಿನ ಉದ್ದ ಟೇಪು, ಗ್ರಾಫ್ ಹಾಳೆ, ಪೆನ್ಸಿಲ್, ಸೀಮೆಸುಣ್ಣ, ಗಾರೆಯವರ ತೂಕದ ಗುಂಡು, ಸುಮಾರು 10 ಮೀಟರ್ ಪಾರದರ್ಶಕ ಪೈಪು, ಟಾರ್ಚು, ಒಂದು ದಬ್ಬಣ, ಮೊಬೈಲು. ಲೇಸರ್ ಮೀಟರ್ ಇದ್ದರೆ ಒಳ್ಳೆಯದೇ, ಆದರೆ ತೊಟ್ಟಿಯ ಬಿಸಿಲಿನಲ್ಲಿ ಅದರ ಕೆಂಪು ಚುಕ್ಕಿ ಕಾಣುವುದಿಲ್ಲ. ಜೊತೆಗೆ ಇನ್ನೊಬ್ಬರು ಇರಲೇಬೇಕು. ಒಬ್ಬರೇ ಅಳೆಯುವುದು ಆಗದ ಕೆಲಸ.

ಮೊದಲು ಸುಮ್ನೆ ಸುತ್ತಾಡಿ

ಟೇಪು ಬಿಚ್ಚುವ ಮುಂಚೆ ಮನೆಯನ್ನು ಎರಡು ಸುತ್ತು ಹಾಕಿ. ಒಂದು ಹಾಳೆಯಲ್ಲಿ ಕೈಯಲ್ಲೇ ನಕ್ಷೆ ಗೀಚಿ. ಅಳತೆ ಬೇಡ, ಯಾವ ಕೋಣೆ ಯಾವುದರ ಪಕ್ಕ, ಬಾಗಿಲು ಎಲ್ಲಿ, ಕಂಬ ಎಷ್ಟು ಅಂತ ಗೊತ್ತಾದರೆ ಸಾಕು. ಕೋಣೆಗಳಿಗೆ ಮನೆಯವರು ಕರೆಯುವ ಹೆಸರನ್ನೇ ಬರೆಯಿರಿ: ಜಗಲಿ, ಪಡಸಾಲೆ, ನಡುಮನೆ, ದೇವರಮನೆ, ಬಚ್ಚಲು, ಅಟ್ಟ, ಕೊಟ್ಟಿಗೆ. ಉತ್ತರ ದಿಕ್ಕಿಗೆ ಬಾಣದ ಗುರುತು ಹಾಕಿ. ಕಂಬಗಳಿಗೆ ಕ1, ಕ2 ಅಂತ, ಬಾಗಿಲುಗಳಿಗೆ ಬಾ1, ಬಾ2 ಅಂತ ನಂಬರು ಕೊಡಿ. ಮುಂದೆ ಎಲ್ಲ ಕೆಲಸಕ್ಕೂ ಇದೇ ನಂಬರು.

ಅಳತೆ: ಇಲ್ಲಿ ಅವಸರ ಬೇಡ

ಹೆಚ್ಚಿನವರು ತಪ್ಪುವುದು ಇಲ್ಲೇ. ಗೋಡೆಯ ಮೂಲೆಯಿಂದ ಬಾಗಿಲಿಗೆ ಒಂದು ಅಳತೆ, ಬಾಗಿಲಿನ ಅಗಲ ಇನ್ನೊಂದು, ಅಲ್ಲಿಂದ ಕಿಟಕಿಗೆ ಮತ್ತೊಂದು ಅಂತ ತುಂಡುತುಂಡಾಗಿ ಅಳೆಯುತ್ತಾರೆ. ಒಂದೊಂದು ತುಂಡಿನಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೂ ಏಳು ತುಂಡಿಗೆ ಮೂರೂವರೆ ಸೆಂಟಿಮೀಟರ್ ಆಯಿತು. ಅದರ ಬದಲು ಟೇಪಿನ ಸೊನ್ನೆಯನ್ನು ಮೂಲೆಯಲ್ಲಿ ಹಿಡಿದು ಕೊನೆಯವರೆಗೂ ಎಳೆಯಿರಿ. ಬಾಗಿಲು ಶುರು 1.12, ಬಾಗಿಲು ಮುಗಿತು 2.05, ಗೂಡು ಶುರು 2.60, ಹೀಗೆ ಓದುತ್ತಾ ಹೋಗಿ. ಸೊನ್ನೆ ಜಾಗ ಬಿಟ್ಟು ಕದಲಬಾರದು. ಒಬ್ಬರು ಓದಬೇಕು, ಬರೆಯುವವರು ಅದನ್ನು ಜೋರಾಗಿ ತಿರುಗಿ ಹೇಳಿ ಬರೆಯಬೇಕು. ಮೀಟರಿನಲ್ಲಿ ಶುರು ಮಾಡಿದರೆ ಮೀಟರಿನಲ್ಲೇ ಮುಗಿಸಿ, ಅರ್ಧದಲ್ಲಿ ಅಡಿ-ಅಂಗುಲಕ್ಕೆ ಹೋಗಬೇಡಿ.

ಇನ್ನು ಮೂಲೆಗಳು. ಹಳೇ ಮನೆಯ ಯಾವ ಕೋಣೆಯೂ ನೇರ ಚೌಕ ಇರುವುದಿಲ್ಲ. ಅದಕ್ಕೆ ಪ್ರತಿ ಕೋಣೆಯಲ್ಲೂ ಮೂಲೆಯಿಂದ ಎದುರು ಮೂಲೆಗೆ, ಎರಡೂ ಕಡೆ ಟೇಪು ಹಿಡಿಯಿರಿ. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ ಇದ್ದರೆ ಈ ಓರೆ ಅಳತೆ ಸರಿಯಾಗಿ 5 ಮೀಟರ್ ಬರಬೇಕು. ಒಂದು ಕಡೆ 4.92, ಇನ್ನೊಂದು ಕಡೆ 5.08 ಬಂತು ಅನ್ನಿ, ಕೋಣೆ ಒಂದು ಪಕ್ಕಕ್ಕೆ ಜಾರಿದ ಆಕಾರದಲ್ಲಿದೆ. ಮೊದಲಿಂದಲೇ ಹಾಗೆ ಕಟ್ಟಿದ್ದೋ, ಆಮೇಲೆ ಗೋಡೆ ಸರಿದದ್ದೋ ಅನ್ನುವುದು ಮುಂದಿನ ಪ್ರಶ್ನೆ. ಓರೆ ಅಳತೆ ಇಲ್ಲದೆ ಬರೆದ ನಕ್ಷೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಅಲ್ವಾ?

ಗೋಡೆ ಎಷ್ಟು ದಪ್ಪ ಅಂತ ಬಾಗಿಲ ಹತ್ತಿರ ಅಳೆದರೆ ಗೊತ್ತಾಗುತ್ತದೆ. ಚೌಕಟ್ಟಿನ ಮರವನ್ನಷ್ಟೇ ಅಳೆಯದೆ, ಒಳಗಿನ ಗಿಲಾವಿನಿಂದ ಹೊರಗಿನ ಗಿಲಾವಿನವರೆಗೆ ಅಳೆಯಿರಿ. ಮಣ್ಣಿನ ಗೋಡೆ ಒಂದೂವರೆ, ಎರಡು ಅಡಿ ಇರುವುದು ಮಾಮೂಲಿ. ಅದೇ ಮನೆಯಲ್ಲಿ ಒಂದು ಗೋಡೆ ಮಾತ್ರ 9 ಅಂಗುಲ ಬಂದರೆ ಅದು ಪಾಲು ಆದಾಗ ಎಬ್ಬಿಸಿದ ಗೋಡೆ ಇರಬಹುದು. ಮನೆಯ ಹಿರಿಯರನ್ನು ಕೇಳಿ.

ಎತ್ತರಕ್ಕೆ ಪೈಪು ಬೇಕು. ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಗುಳ್ಳೆ ಒಂದೂ ಉಳಿಯದ ಹಾಗೆ ನೋಡಿಕೊಳ್ಳಿ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಎದೆಮಟ್ಟದಲ್ಲಿ ಒಂದು ಗುರುತು ಹಾಕಿ, ಅದೇ ಮಟ್ಟವನ್ನು ಎಲ್ಲ ಕೋಣೆಗೂ, ಹೊರಗಿನ ಗೋಡೆಗೂ ಸೀಮೆಸುಣ್ಣದಲ್ಲಿ ದಾಟಿಸಿ. ಈಗ ಆ ಗೆರೆಯಿಂದ ಕೆಳಗೆ ನೆಲ ಎಷ್ಟು, ಮೇಲೆ ತೊಲೆ ಎಷ್ಟು ಅಂತ ಅಳೆಯಿರಿ. ನೆಲ ಎಲ್ಲಿ ಕುಸಿದಿದೆ, ತೊಲೆ ಎಲ್ಲಿ ಬಾಗಿದೆ ಅನ್ನುವುದು ಅಂಕಿಯಲ್ಲೇ ಗೊತ್ತಾಗುತ್ತದೆ. ಹೊರಗಿನ ರಸ್ತೆಯ ಮಟ್ಟವನ್ನೂ ಬರೆದುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗೋಡೆ ವಾಲಿದೆಯಾ ಅಂತ ನೋಡುವುದಕ್ಕೆ ತೂಕದ ಗುಂಡು. ಮೇಲಿಂದ ದಾರ ಇಳಿಬಿಟ್ಟು, ದಾರಕ್ಕೂ ಗೋಡೆಗೂ ನಡುವೆ ಮೇಲೆ, ಮಧ್ಯ, ಕೆಳಗೆ ಮೂರು ಕಡೆ ಅಳೆದರೆ ಮುಗಿಯಿತು.

ಅಂದಿನ ಅಳತೆಯನ್ನು ಅಂದೇ ಸಂಜೆ ಗ್ರಾಫ್ ಹಾಳೆಗೆ ಇಳಿಸಿ. 1:50 ಪ್ರಮಾಣ ಸಾಕು, ಅಂದರೆ ಒಂದು ಮೀಟರಿಗೆ 2 ಸೆಂಟಿಮೀಟರ್. 15 ಮೀಟರ್ ಉದ್ದದ ಮನೆ ಒಂದು ಎ3 ಹಾಳೆಯಲ್ಲಿ ಕೂರುತ್ತದೆ. ತಲೆಬಾಗಿಲಿನ ಕೆತ್ತನೆ, ಬೋದಿಗೆ (ಕಂಬದ ತಲೆಯ ಭಾಗ) ಇಂಥವಕ್ಕೆ 1:10ರಲ್ಲಿ ಬೇರೆ ಹಾಳೆ.

ಮಾಡು ಮತ್ತು ಮರ

ಅಟ್ಟ ಹತ್ತಿ ತೊಲೆ, ಜಂತೆ, ರೀಪು ಎಲ್ಲವನ್ನೂ ನೋಡಿ. ತೊಲೆಗಳಿಗೂ ತ1, ತ2 ಅಂತ ನಂಬರು ಕೊಡಿ. ಹಲಸು, ಮತ್ತಿ, ತೇಗ, ಯಾವ ಮರ ಅಂತ ಊರಿನ ಬಡಗಿ ನೋಡಿದ ಕೂಡಲೇ ಹೇಳುತ್ತಾರೆ. ತೊಲೆಯ ಮಧ್ಯಭಾಗ ಗಟ್ಟಿಯಾಗಿ ಕಂಡರೆ ನೆಮ್ಮದಿಪಡಬೇಡಿ. ಗೋಡೆಯೊಳಗೆ ಹೊಕ್ಕಿರುವ ತುದಿ ಮೊದಲು ಕೊಳೆಯುವುದು. ಅಲ್ಲಿ ದಬ್ಬಣದಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಗೆದ್ದಲೋ ಕೊಳೆಯೋ ಇದೆ. ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೂ ಹಾಗೆಯೇ. ಆ ತೊಲೆಯ ನಂಬರಿನ ಮುಂದೆ ಕೆಂಪು ಗುರುತು ಹಾಕಿ. ತುದಿ ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಜೋಡಿಸಬಹುದು, ಇಡೀ ತೊಲೆ ಬಿಸಾಕಬೇಕಿಲ್ಲ.

ಹೆಂಚನ್ನೂ ಒಂದೆರಡು ತಿರುಗಿಸಿ ನೋಡಿ. ಕಾರ್ಖಾನೆಯ ಮುದ್ರೆ ಇರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಚಪ್ಪಟೆ ಹೆಂಚು ನಾಡಿನೆಲ್ಲೆಡೆ ಹೋಯಿತು. ಅದಕ್ಕೂ ಮುಂಚೆ ನಾಡಹೆಂಚು, ಹುಲ್ಲು, ಸೋಗೆ. ಹೆಂಚಿನ ಮೇಲೆ 1865 ಅಂತ ಕಂಡರೆ ಮನೆಯ ವಯಸ್ಸು ಸಿಕ್ಕಿತು ಅಂತ ಕುಣಿಯಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ ಇರಬಹುದು. ಹೆಂಚು ಸುಟ್ಟದ್ದು ಎಷ್ಟೋ ವರ್ಷದ ಮೇಲೆ ಇದ್ದೀತು.

ಮರದ ಕೆಲಸ ಬಿಚ್ಚುವುದೇ ಆದರೆ ಒಂದೊಂದು ತುಂಡಿಗೂ ತಗಡಿನ ಚೀಟಿ ಕಟ್ಟಿ, ಅದರ ನಂಬರನ್ನು ನಕ್ಷೆಯಲ್ಲೂ ಬರೆಯಿರಿ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಹೀಗೇ ಕಲ್ಲುಗಳಿಗೆ ಗುರುತು ಹಾಕಿ, ಬಿಚ್ಚಿ, ಹೊಸ ಜಾಗದಲ್ಲಿ ಜೋಡಿಸಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಪಾರಂಪರಿಕ ಗ್ರಾಮದಲ್ಲಿರುವ ಹಳೇ ಮನೆಗಳೂ ಬೇರೆ ಊರುಗಳಿಂದ ಬಿಚ್ಚಿ ತಂದು ನಿಲ್ಲಿಸಿದವು. ನಂಬರು ಹಾಕದೆ ರಾಶಿ ಹಾಕಿದ ಮರ ಕೊನೆಗೆ ಹೋಗುವುದು ಗುಜರಿ ಅಂಗಡಿಗೆ.

ಫೋಟೊ

ಗೋಡೆಗೆ ನೇರವಾಗಿ ಎದುರು ನಿಂತು ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಯ ಕೋಲು ಇರಲಿ. ಪೂರ್ವದ ಗೋಡೆಗೆ ಬೆಳಿಗ್ಗೆ, ಪಶ್ಚಿಮದ್ದಕ್ಕೆ ಸಂಜೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಓರೆಯಾಗಿ ಬಿಟ್ಟರೆ ಸುಣ್ಣದ ಪದರದ ಕೆಳಗಿನ ಉಬ್ಬುತಗ್ಗು, ಹಳೇ ರಿಪೇರಿಯ ಗುರುತು, ಕೆಲವೊಮ್ಮೆ ಮುಚ್ಚಿಹೋದ ಚಿತ್ರದ ಗೆರೆ ಕೂಡ ಕಾಣುತ್ತದೆ. ಮೊಬೈಲಿನ 3ಡಿ ಆ್ಯಪ್ ಬಳಸುವುದಾದರೆ ಒಂದು ಫೋಟೊದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರುವ ಹಾಗೆ ನಿಧಾನ ಸರಿಯಿರಿ. ನೋಡೋಕೆ ಚೆನ್ನಾಗಿರುತ್ತದೆ. ಆದರೆ ಅದನ್ನೇ ನಂಬಿ ಟೇಪು ಬಿಡಬೇಡಿ. ಟೇಪು ಹಿಡಿದು ಕೂತಾಗ ಕಣ್ಣಿಗೆ ಬೀಳುವ ಬಿರುಕು ಆ್ಯಪಿನಲ್ಲಿ ಬೀಳುವುದಿಲ್ಲ.

ನೀರಿನ ನಕ್ಷೆ

ಒಂದೇ ಒಂದು ಹಾಳೆಗೆ ಟೈಮ್ ಇದೆ ಅಂದರೆ ನಾನು ಇದನ್ನೇ ಮಾಡು ಅನ್ನುತ್ತೇನೆ. ನಕ್ಷೆಯ ಜೆರಾಕ್ಸ್ ಒಂದರ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ಮಳೆನೀರಿನ ದಾರಿ ಬರೆಯಿರಿ. ಸೂರಿನಿಂದ ಎಲ್ಲಿ ಬೀಳುತ್ತದೆ, ಸೂರಿನ ನೀರು ಸಾಗಿಸುವ ದಂಬೆ ಎಲ್ಲಿ ಮುರಿದಿದೆ, ತೊಟ್ಟಿಯ ನೀರು ಎಲ್ಲಿಂದ ಹೊರಗೆ ಹೋಗುತ್ತದೆ. ತೊಟ್ಟಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ಹೊರಗಿನ ಬಾಯಲ್ಲಿ ನೀರು ಬಾರದಿದ್ದರೆ ಅದು ನೆಲದೊಳಗೆ, ಪಾಯಕ್ಕೆ ಹೋಗುತ್ತಿದೆ.

ಆಮೇಲೆ ಗೋಡೆಯ ತೇವ. ನೆಲದಿಂದ ಎರಡು-ಮೂರು ಅಡಿ ಎತ್ತರದಲ್ಲಿ ಒಂದು ಕಂದು ಗೆರೆ, ಅದರ ಸುತ್ತ ಕೈಗೆ ಉದುರುವ ಬಿಳಿ ಉಪ್ಪಿನ ಪುಡಿ ಕಂಡರೆ ನೀರು ಕೆಳಗಿನಿಂದ ಏರುತ್ತಿದೆ. ಈಗ ರಸ್ತೆಯ ಮಟ್ಟ ನೋಡಿ. ಪ್ರತಿ ಸಲ ಕಾಂಕ್ರೀಟ್ ಹಾಕಿದಾಗಲೂ ರಸ್ತೆ ಮೇಲೆ ಬರುತ್ತದೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗಲಿ ಈಗ ರಸ್ತೆಗೆ ಸಮ. ನೀರು ಗೋಡೆ ಹತ್ತದೆ ಇನ್ನೇನು ಮಾಡುತ್ತದೆ? ಇಂಥ ಗೋಡೆಗೆ ಸಿಮೆಂಟ್ ಗಿಲಾವು ಹೊಡೆದರೆ ತೇವ ಹೊರಗೆ ಬರಲಾಗದೆ ಇನ್ನೂ ಮೇಲಕ್ಕೆ ಹೋಗುತ್ತದೆ, ಸಿಮೆಂಟಿನ ಹಿಂದೆ ಮಣ್ಣು ಮೆತ್ತಗಾಗುತ್ತದೆ. ಕೆಲವು ವರ್ಷಕ್ಕೆ ಚಕ್ಕೆಚಕ್ಕೆಯಾಗಿ ಗೋಡೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಮೊದಲು ಗೋಡೆ ಪಕ್ಕ ಒಂದು ಚರಂಡಿ ತೋಡಿ, ನೀರು ಹೊರಗೆ ಹೋಗುವ ಹಾಗೆ ಮಾಡಿ.

ಬಿರುಕಿಗೂ ಒಂದು ಹಾಳೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು, ಪಕ್ಕದಲ್ಲಿ ತಾರೀಕು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಚೂರೊಂದನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗಾಜು ಹಾಗೇ ಇದ್ದರೆ ಅದು ಹಳೇ ಗಾಯ, ತುಂಬಿದರೆ ಸಾಕು. ಒಡೆದರೆ ಎಂಜಿನಿಯರನ್ನು ಕರೆಸಿ. ಗೋಡೆಗಳು ಸೇರುವ ಮೂಲೆಯಲ್ಲಿ ಮೇಲೆ ಅಗಲ, ಕೆಳಗೆ ಕಿರಿದಾದ ಬಿರುಕು ಇದ್ದರೆ ಮಾತ್ರ ಕಾಯಬೇಡಿ. ಗೋಡೆ ಹೊರಕ್ಕೆ ವಾಲುತ್ತಿರಬಹುದು.

ಮೇಸ್ತ್ರಿ ಜೊತೆ ಕೂರುವ ದಿನ

ಈಗ ಕಡತ ತಗೊಂಡು ಕೂತರೆ ಮಾತು ಬೇರೆಯೇ ಆಗುತ್ತದೆ. ಇಡೀ ಮನೆಗೆ ಇಷ್ಟು ಅನ್ನುವ ಅಂದಾಜು ಬಿಟ್ಟು, ತ7ರ ತುದಿ, ಬಾ3ರ ಹೊಸ್ತಿಲು, ಪಡಸಾಲೆಯ ದಕ್ಷಿಣ ಗೋಡೆ ಮೂರು ಅಡಿವರೆಗೆ ಅಂತ ಬಿಡಿಬಿಡಿಯಾಗಿ ರೇಟು ಕೇಳಬಹುದು.

ಗಿಲಾವಿಗೆ ಸುಣ್ಣವೇ ಇರಲಿ. ಒಂದು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ಮರಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದಕ್ಕೆ ಸುಡುಬಿಸಿಲಿನಲ್ಲಿ, ಜಡಿಮಳೆಯಲ್ಲಿ ಈ ಕೆಲಸ ಬೇಡ. ಕೆಲವು ದಿನ ಒದ್ದೆ ಗೋಣಿ ಹಾಕಿ ತಂಪಾಗಿ ಇಡಬೇಕು. ಸುಟ್ಟ ಸುಣ್ಣ ಅರಳಿಸುವಾಗ ಕೊತಕೊತ ಕುದಿಯುತ್ತದೆ, ಮಕ್ಕಳು ಹತ್ತಿರ ಬರದಿರಲಿ, ಕೆಲಸದವರಿಗೆ ಕನ್ನಡಕ ಇರಲಿ. ಮಣ್ಣಿನ ಗೋಡೆಗೆ ಹೊಂದುವ ಮಣ್ಣು ಬೇಕಾದರೆ ಉದುರಿದ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ ಒಂದು ದಿನ ಇಡಿ. ಮರಳು ಅಡಿಗೆ, ಅಂಟುಮಣ್ಣು ಮೇಲಕ್ಕೆ ಪದರಪದರವಾಗಿ ಕೂರುತ್ತದೆ. ತರುವ ಮಣ್ಣಿಗೂ ಇದೇ ಪರೀಕ್ಷೆ ಮಾಡಿ, ಪದರ ಹೋಲಿಸಿ. ಹಿತ್ತಿಲಿಗೆ ಹೊಸ ಕೋಣೆ ಬೇಕು ಅಂದರೆ ಒತ್ತಿದ ಮಣ್ಣಿನ ಇಟ್ಟಿಗೆ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದರ ಮೇಲೆ ದಶಕಗಳ ಕೆಲಸ ನಡೆದಿದೆ. ಸುಡುವ ಸೌದೆ ಉಳಿಯುತ್ತದೆ, ಹಳೇ ಗೋಡೆಯ ಪಕ್ಕ ಕಣ್ಣಿಗೂ ಹೊಂದುತ್ತದೆ.

ಮನೆ ಬೇಲೂರು, ಬಾದಾಮಿ, ಶ್ರೀರಂಗಪಟ್ಟಣದಂಥ ಊರಿನಲ್ಲಿದ್ದು, ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿಗೂ ಅನುಮತಿ ಬೇಕೇ ಬೇಕು. ಅರ್ಜಿಯ ಜೊತೆ ನಕ್ಷೆ, ಫೋಟೊ ಕೇಳುತ್ತಾರೆ. ನಿಮ್ಮ ಕಡತ ಅಲ್ಲೂ ಕೆಲಸಕ್ಕೆ ಬರುತ್ತದೆ. ಸಲಹೆ ಬೇಕಾದರೆ ಹಳೇ ಕಟ್ಟಡ, ಕಲೆಗಳನ್ನು ಉಳಿಸುವುದಕ್ಕೆ 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆಯ ಶಾಖೆಗಳು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿವೆ.

ಕಡತದ ಒಂದು ಪ್ರತಿ ಮನೆಯಲ್ಲಿ, ಒಂದು ಬೇರೆ ಊರಿನ ನೆಂಟರ ಹತ್ತಿರ, ಒಂದು ಕಂಪ್ಯೂಟರಿನಲ್ಲಿ ಇರಲಿ. ಬರೀ ಮೊಬೈಲಿನಲ್ಲಿ ಇಟ್ಟರೆ ಫೋನ್ ಬದಲಾದಾಗ ಎಲ್ಲ ಹೋಯಿತು. ಕೆಲಸ ನಡೆಯುವಾಗಲೂ ಬರೆಯುವುದು ನಿಲ್ಲಿಸಬೇಡಿ: ಯಾವ ತಾರೀಕು, ಯಾವ ಗೋಡೆ, ಸುಣ್ಣ ಎಲ್ಲಿಂದ ತಂದದ್ದು. ಗೋಡೆಯೊಳಗೆ ಹೋಗುವ ವೈರು, ಪೈಪಿನ ಫೋಟೊ ಮಾತ್ರ ಗಿಲಾವು ಮುಚ್ಚುವ ಮುಂಚೆಯೇ, ಟೇಪು ಪಕ್ಕದಲ್ಲಿಟ್ಟು ತೆಗೆದುಕೊಳ್ಳಿ. ಆಮೇಲೆ ಕ್ಯಾಲೆಂಡರ್‌ಗೆ ಮೊಳೆ ಹೊಡೆಯುವವರಿಗೆ ಬೇಕಾಗುತ್ತದೆ.