ಎಂಜಿನಿಯರಿಂಗ್ ತರಗತಿಗೆ ಮೊದಲು ಗಣಿತ: ಎಷ್ಟು ಓದಬೇಕು, ಹೇಗೆ ಓದಬೇಕು?

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದು, ಸಿಇಟಿ ಬರೆದು, ಆಪ್ಷನ್ ಎಂಟ್ರಿ ಮತ್ತು ಸೀಟು ಹಂಚಿಕೆಯ ಸುತ್ತುಗಳೆಲ್ಲ ಕಳೆದು ಎಂಜಿನಿಯರಿಂಗ್ ಮೊದಲ ವರ್ಷದ ತರಗತಿಗಳು ಶುರುವಾಗುವ ಹೊತ್ತಿಗೆ ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳು ಸರಿದಿರುತ್ತವೆ. ಈ ಬಿಡುವಿನಲ್ಲಿ ಕಾಲೇಜಿನ ಮೇಲ್ಮಟ್ಟದ ಗಣಿತವನ್ನು ಸ್ವಂತವಾಗಿ ಓದಿಕೊಂಡರೆ ಹೇಗೆ ಎಂದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಅನೇಕ ವಿದ್ಯಾರ್ಥಿಗಳೂ ಪೋಷಕರೂ ಕೇಳುತ್ತಾರೆ. ಓದಬೇಕು ಎಂಬುದೇ ನನ್ನ ಉತ್ತರ. ಆದರೆ ಲಾಪ್ಲಾಸ್, ಫೋರಿಯರ್ ಎಂದು ಮೂರನೇ ಸೆಮಿಸ್ಟರಿನ ಪಾಠಗಳಿಗೆ ಈಗಲೇ ಕೈ ಹಾಕುವ ಬದಲು, ಪಿಯುಸಿಯ ಗಣಿತವನ್ನು ಪುಸ್ತಕ ಮುಚ್ಚಿ ಬಿಡಿಸುವಷ್ಟು ಗಟ್ಟಿ ಮಾಡಿಕೊಂಡು, ಅಲ್ಲಿಂದ ಅರ್ಧ ಹೆಜ್ಜೆಯಷ್ಟೇ ಮುಂದೆ ಹೋಗುವುದು ಹೆಚ್ಚು ಫಲ ಕೊಡುತ್ತದೆ. ಮೊದಲ ಸೆಮಿಸ್ಟರಿನ ಗಣಿತದಲ್ಲಿ ಎಡವುವ ಮಕ್ಕಳನ್ನು ಹತ್ತಿರದಿಂದ ನೋಡಿದರೆ, ಹೊಸ ಪಾಠ ಅರ್ಥವಾಗದೆ ಎಡವಿದವರಿಗಿಂತ ಮೈನಸ್ ಚಿಹ್ನೆ, ಭಿನ್ನರಾಶಿ, ಲಾಗರಿದಮ್‌ಗಳಲ್ಲಿ ದಾರಿ ತಪ್ಪಿದವರೇ ಹೆಚ್ಚಾಗಿ ಕಾಣುತ್ತಾರೆ.

ಮೊದಲ ಹೆಜ್ಜೆ: ನಿಂತಿರುವ ಜಾಗ ತಿಳಿಯುವುದು

ಸಿಇಟಿಯ ಗಣಿತ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳಿರುತ್ತವೆ. ಒಂದಕ್ಕೆ ಸಿಗುವುದು 80 ಸೆಕೆಂಡು. ನಾಲ್ಕು ಆಯ್ಕೆಗಳನ್ನು ಪ್ರಶ್ನೆಯಲ್ಲಿಟ್ಟು ನೋಡಿ, ಹೊಂದದ್ದನ್ನು ಬಿಟ್ಟು ಉಳಿದದ್ದನ್ನು ಗುರುತಿಸುವ ಜಾಣ್ಮೆ ಅಲ್ಲಿ ಅಗತ್ಯ. ಎಂಜಿನಿಯರಿಂಗ್‌ನ ಸೆಮಿಸ್ಟರ್ ಪರೀಕ್ಷೆ ಬೇರೆ ಬಗೆಯದು. ಅಲ್ಲಿ ಆಯ್ಕೆಗಳ ಆಸರೆ ಇಲ್ಲದೆ ಒಂದು ಪುಟದುದ್ದದ ಲೆಕ್ಕವನ್ನು ಸಾಲು ಸಾಲಾಗಿ ಬರೆದು ತೋರಿಸಬೇಕು. ಆದ್ದರಿಂದ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿದ್ದರೂ ಈ ತಪಾಸಣೆಯನ್ನು ಬಿಡಬಾರದು.

ಪ್ರಥಮ ಮತ್ತು ದ್ವಿತೀಯ ಪಿಯುಸಿಯ ಎನ್‌ಸಿಇಆರ್‌ಟಿ ಪಠ್ಯಗಳನ್ನು ತೆಗೆದು, ಪ್ರತಿ ಅಧ್ಯಾಯದ ಕೊನೆಯ ಸಂಕೀರ್ಣ (ಮಿಸಲೇನಿಯಸ್) ಅಭ್ಯಾಸದಿಂದ ಎರಡು ಲೆಕ್ಕಗಳನ್ನು ಆರಿಸಿ, ಗೈಡ್ ನೋಡದೆ, ಬಿಳಿ ಹಾಳೆಯಲ್ಲಿ ಬಿಡಿಸಬೇಕು. ನಂತರ ಉತ್ತರದ ಸರಿತಪ್ಪಿಗಿಂತ ತಪ್ಪು ಯಾವ ಸಾಲಿನಲ್ಲಿ ಹುಟ್ಟಿತು ಎಂಬುದನ್ನು ಕೆಂಪು ಪೆನ್ನಿನಲ್ಲಿ ಗುರುತಿಸಬೇಕು. ಇಂಟಿಗ್ರೇಷನ್ ಲೆಕ್ಕ ತಪ್ಪಿದ್ದರೆ, ಇಂಟಿಗ್ರೇಷನ್ ಸೂತ್ರ ಮರೆತಿತ್ತೇ, ಅಥವಾ ಅದಕ್ಕೂ ಮೊದಲು ಪಾರ್ಶಿಯಲ್ ಫ್ರ್ಯಾಕ್ಷನ್‌ಗೆ ಒಡೆಯುವಾಗಲೇ ಬೀಜಗಣಿತ ಕೈಕೊಟ್ಟಿತೇ? ಎರಡನೆಯದಾದರೆ ಇಂಟಿಗ್ರೇಷನ್ ಅಧ್ಯಾಯವನ್ನು ಮತ್ತೆ ಮತ್ತೆ ಓದಿ ಪ್ರಯೋಜನವಿಲ್ಲ. ಪ್ರಥಮ ಪಿಯುಸಿಗೆ, ಕೆಲವೊಮ್ಮೆ ಹತ್ತನೇ ತರಗತಿಗೇ ಹಿಂತಿರುಗಬೇಕಾಗುತ್ತದೆ. ಹಾಗೆ ಹಿಂತಿರುಗುವುದರಲ್ಲಿ ಯಾವ ಅವಮಾನವೂ ಇಲ್ಲ.

ಎರಡನೆಯ ಹೆಜ್ಜೆ: ಬುನಾದಿ

ಮೊದಲ ಐದಾರು ವಾರಗಳನ್ನು ಪೂರ್ತಿ ಇದಕ್ಕೇ ಮೀಸಲಿಡಿ ಎಂಬುದು ನನ್ನ ಸಲಹೆ. ವರ್ಗ ಪೂರ್ಣಗೊಳಿಸುವುದು, ಪಾರ್ಶಿಯಲ್ ಫ್ರ್ಯಾಕ್ಷನ್, ಘಾತಾಂಕ ಮತ್ತು ಲಾಗರಿದಮ್ ನಿಯಮಗಳು, ತ್ರಿಕೋನಮಿತಿಯ ಸೂತ್ರಗಳು, ಡಿಫರೆನ್ಸಿಯೇಷನ್‌ನ ಚೈನ್ ರೂಲ್, ಇಂಟಿಗ್ರೇಷನ್‌ನ ಸಬ್‌ಸ್ಟಿಟ್ಯೂಷನ್ ಮತ್ತು ಬೈ ಪಾರ್ಟ್ಸ್: ಇವು ಕೈಬರಹದಷ್ಟು ಸಹಜವಾಗಬೇಕು. ತ್ರಿಕೋನಮಿತಿಯಲ್ಲಿ ಕೋನವನ್ನು ರೇಡಿಯನ್‌ನಲ್ಲಿ ಯೋಚಿಸುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳಬೇಕು. ಕ್ಯಾಲ್ಕುಲೇಟರನ್ನು ರೇಡಿಯನ್‌ಗೆ ಹಾಕಿ ಸೈನ್ 0.1 ಒತ್ತಿದರೆ 0.09983 ಬರುತ್ತದೆ, ಡಿಗ್ರಿಯಲ್ಲೇ ಬಿಟ್ಟು ಒತ್ತಿದರೆ 0.00175 ಬರುತ್ತದೆ. ಡಿಫರೆನ್ಸಿಯೇಷನ್ ಸೂತ್ರಗಳೆಲ್ಲ ರೇಡಿಯನ್‌ಗೆ ಮಾತ್ರ ಆ ಸರಳ ರೂಪದಲ್ಲಿ ಹೊಂದುತ್ತವೆ ಎಂಬುದನ್ನು ಮರೆತವರು ಮುಂದೆ ಪ್ರಯೋಗಾಲಯದಲ್ಲಿಯೂ ತಪ್ಪುತ್ತಾರೆ.

ಪ್ರಥಮ ಪಿಯುಸಿಯ ಕಾಂಪ್ಲೆಕ್ಸ್ ನಂಬರ್ ಅಧ್ಯಾಯವನ್ನು ಅನೇಕರು ಸಿಇಟಿಗೆ ಬೇಕಾದಷ್ಟು ಮಾತ್ರ ಓದಿ ಬಿಟ್ಟಿರುತ್ತಾರೆ. ಸೇಡಂ ತಾಲೂಕಿನ ಮಳಖೇಡದಿಂದ, ಅಂದರೆ ಅಂದಿನ ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದಲ್ಲಿ ಸ್ತುತಿಸಿರುವ 9ನೇ ಶತಮಾನದ ಗಣಿತಜ್ಞ ಮಹಾವೀರಾಚಾರ್ಯ, ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದ. ಅವನು ಇಲ್ಲವೆಂದ ಆ ವರ್ಗಮೂಲಕ್ಕೆ ನಂತರದ ಗಣಿತಜ್ಞರು ಹೊಸ ಬಗೆಯ ಸಂಖ್ಯೆಯನ್ನೇ ಕಟ್ಟಿಕೊಂಡರು; ಇಂದು ನಮ್ಮ ಮನೆಗಳಿಗೆ ಬರುವ ಎಸಿ ವಿದ್ಯುತ್ತಿನ ಲೆಕ್ಕ ಅದಿಲ್ಲದೆ ಸಲೀಸಾಗಿ ನಡೆಯದು. ಎಲೆಕ್ಟ್ರಿಕಲ್ ಪುಸ್ತಕಗಳಲ್ಲಿ ಮೈನಸ್ ಒಂದರ ವರ್ಗಮೂಲವನ್ನು 'ಐ' ಎಂದು ಬರೆಯದೆ 'ಜೆ' ಎಂದು ಬರೆಯುತ್ತಾರೆ, ಏಕೆಂದರೆ 'ಐ' ಅಲ್ಲಿ ಕರೆಂಟಿನ ಗುರುತು. ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಸೇರುವವರು ಈ ಅಧ್ಯಾಯಕ್ಕೆ ಇನ್ನೊಂದು ವಾರ ಕೊಟ್ಟರೂ ನಷ್ಟವಿಲ್ಲ.

ಮೂರನೆಯ ಹೆಜ್ಜೆ: ಅರ್ಧ ಹೆಜ್ಜೆ ಮುಂದೆ

ಬುನಾದಿ ಗಟ್ಟಿಯಾಯಿತು ಎಂದು ಖಾತ್ರಿಯಾದ ಮೇಲೆ ಮೂರು ವಿಷಯಗಳನ್ನು ಮುಟ್ಟಬಹುದು. ಒಂದು, ಮ್ಯಾಟ್ರಿಕ್ಸ್‌ನಲ್ಲಿ ಗಾಸ್ ಎಲಿಮಿನೇಷನ್. ಪಿಯುಸಿಯಲ್ಲಿ ಮೂರು ಅಜ್ಞಾತಗಳ ಸಮೀಕರಣಗಳನ್ನು ಅಡ್‌ಜಾಯಿಂಟ್ ಮತ್ತು ಡಿಟರ್ಮಿನೆಂಟ್ ಮೂಲಕ ಬಿಡಿಸಿರುತ್ತೇವೆ. ಆದರೆ 10 ಸಾಲು, 10 ಕಂಬಗಳ ಡಿಟರ್ಮಿನೆಂಟನ್ನು ಪೂರ್ತಿ ಬಿಡಿಸಿ ಬರೆದರೆ 36,28,800 ಪದಗಳು ಬರುತ್ತವೆ. ಗಾಸ್‌ನ ದಾರಿಯಲ್ಲಿ ಅದೇ ಕೆಲಸ ಕೆಲವು ನೂರು ಗುಣಾಕಾರಗಳಲ್ಲಿ ಮುಗಿಯುತ್ತದೆ. ಈ ಉದಾಹರಣೆಯನ್ನು ಕೈಯಿಂದಲೇ ಮಾಡಿ ನೋಡಿ. ಎಕ್ಸ್, ವೈ, ಝಡ್‌ಗಳ ಮೊತ್ತ 6. ಎಕ್ಸ್‌ಗೆ ವೈಯ ಎರಡರಷ್ಟನ್ನೂ ಝಡ್‌ನ ಮೂರರಷ್ಟನ್ನೂ ಕೂಡಿದರೆ 14. ಎಕ್ಸ್‌ಗೆ ವೈಯ ನಾಲ್ಕರಷ್ಟನ್ನೂ ಝಡ್‌ನ ಒಂಬತ್ತರಷ್ಟನ್ನೂ ಕೂಡಿದರೆ 36. ಎರಡನೆಯ ಮತ್ತು ಮೂರನೆಯ ಸಾಲುಗಳಿಂದ ಮೊದಲ ಸಾಲನ್ನು ಕಳೆದರೆ ಎಕ್ಸ್ ಎರಡರಲ್ಲೂ ಮಾಯವಾಗಿ, ವೈಗೆ ಝಡ್‌ನ ಎರಡರಷ್ಟು ಕೂಡಿದರೆ 8, ವೈಯ ಮೂರರಷ್ಟಕ್ಕೆ ಝಡ್‌ನ ಎಂಟರಷ್ಟು ಕೂಡಿದರೆ 30 ಎಂದು ಉಳಿಯುತ್ತದೆ. ಮೊದಲನೆಯದರ ಮೂರರಷ್ಟನ್ನು ಎರಡನೆಯದರಿಂದ ಕಳೆದಾಗ ಝಡ್‌ನ ಎರಡರಷ್ಟು 6 ಎಂದು ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ ಬಂದರೆ ಝಡ್ 3, ವೈ 2, ಎಕ್ಸ್ 1. ಕಂಪ್ಯೂಟರ್ ಸಾವಿರಾರು ಸಮೀಕರಣಗಳನ್ನು ಬಿಡಿಸುವ ಕ್ರಮದ ಮೂಲವೂ ಇದೇ.

ಎರಡನೆಯದು ಅವಕಲ ಸಮೀಕರಣ (ಡಿಫರೆನ್ಷಿಯಲ್ ಈಕ್ವೇಷನ್). ಪಿಯುಸಿಯಲ್ಲಿ ಕಲಿತ ವೇರಿಯಬಲ್ ಸಪರೇಬಲ್ ವಿಧಾನವನ್ನು ಒಂದು ನಿಜವಾದ ಸಂಗತಿಗೆ ಹಚ್ಚಿ ನೋಡಬೇಕು. ಬಿಸಿ ವಸ್ತು ತಣಿಯುವ ವೇಗವು ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ನ್ಯೂಟನ್‌ನ ನಿಯಮ. ಮೇ ತಿಂಗಳಲ್ಲಿ ಕಲಬುರಗಿಯ ಒಂದು ಕೋಣೆಯ ಉಷ್ಣತೆ 40 ಡಿಗ್ರಿ, ಚಹಾದ್ದು 80 ಡಿಗ್ರಿ ಎಂದಿಟ್ಟುಕೊಳ್ಳೋಣ. 10 ನಿಮಿಷದಲ್ಲಿ ಚಹಾ 60ಕ್ಕೆ ಇಳಿದರೆ, ಅಂತರ 40ರಿಂದ 20ಕ್ಕೆ, ಅಂದರೆ ಅರ್ಧಕ್ಕೆ ಇಳಿಯಿತು. ಮುಂದಿನ 10 ನಿಮಿಷದಲ್ಲಿ ಅದು ಮತ್ತೆ ಅರ್ಧವಾಗಿ 10 ಆಗುತ್ತದೆ, ಚಹಾ 50 ಡಿಗ್ರಿಗೆ ಬರುತ್ತದೆ. ಅದೇ ಚಹಾ, ಅದೇ ಬಟ್ಟಲು, ಆದರೆ ಚಳಿಗಾಲದ 20 ಡಿಗ್ರಿಯ ಕೋಣೆ ಎಂದಾದರೆ ಅಂತರ 60ರಿಂದ 30ಕ್ಕೆ ಇಳಿದು, ಮೊದಲ 10 ನಿಮಿಷದಲ್ಲೇ ಚಹಾ 50 ಡಿಗ್ರಿಯಾಗುತ್ತದೆ. ಹೀಗೆ ಬಾಯಿಲೆಕ್ಕ ಮಾಡಿದ ಮೇಲೆ ಸಮೀಕರಣ ಬರೆದು ಬಿಡಿಸಿ, ಎರಡೂ ಉತ್ತರ ಹೊಂದುತ್ತವೆಯೇ ಎಂದು ನೋಡಬೇಕು. ಹೊಂದಿದಾಗ ಆಗುವ ಸಂತೋಷ ಎಷ್ಟೋ ಸೂತ್ರಗಳ ಬಾಯಿಪಾಠಕ್ಕಿಂತ ದೊಡ್ಡದು.

ಮೂರನೆಯದು ಮ್ಯಾಕ್ಲಾರಿನ್ ಸರಣಿ, ಅಂದರೆ ಸೈನ್ ಮುಂತಾದವುಗಳನ್ನು ಘಾತಗಳ ಮೊತ್ತವಾಗಿ ಬರೆಯುವ ಕ್ರಮ. ಮೇಲೆ ಹೇಳಿದ ಸೈನ್ 0.1ರ ಬೆಲೆಯನ್ನು ಕ್ಯಾಲ್ಕುಲೇಟರ್ ಇಲ್ಲದೆ ಕಂಡುಹಿಡಿಯಲು, 0.1ರಿಂದ ಅದರ ಘನದ ಆರನೇ ಒಂದು ಭಾಗವನ್ನು ಕಳೆದರೆ ಸಾಕು: 0.1ರ ಘನ 0.001, ಅದರ ಆರನೇ ಒಂದು ಭಾಗ 0.00017, ಉಳಿದದ್ದು 0.09983. ಸಮಯ ಉಳಿದರೆ ಪಾರ್ಶಿಯಲ್ ಡಿಫರೆನ್ಸಿಯೇಷನ್‌ನ ಪರಿಚಯ ಮಾಡಿಕೊಳ್ಳಬಹುದು. ಅಲ್ಲಿಗೆ ನಿಲ್ಲಿಸಿ.

ಸಿಲಬಸ್ ನೋಡಿ ಓದುವುದು

ಸೀಟು ಖಚಿತವಾದ ದಿನವೇ ಆಯಾ ಕಾಲೇಜಿನ ಈ ವರ್ಷದ ಸಿಲಬಸ್ ಇಳಿಸಿಕೊಳ್ಳಬೇಕು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಂಯೋಜಿತ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಸ್ಕೀಮ್, ಅಂದರೆ ಪಠ್ಯಕ್ರಮದ ಚೌಕಟ್ಟು ಇರುತ್ತದೆ. 1958ರಲ್ಲಿ ಆರಂಭವಾದ ಕಲಬುರಗಿಯ ಪಿಡಿಎ ಕಾಲೇಜಿನಂಥ ಸ್ವಾಯತ್ತ ಸಂಸ್ಥೆಗಳು ತಮ್ಮದೇ ಪಠ್ಯಕ್ರಮ ರೂಪಿಸುತ್ತವೆ. ಶರಣಬಸವ ವಿಶ್ವವಿದ್ಯಾಲಯದ್ದು ಬೇರೆಯೇ. ವಿಟಿಯುವಿನ 2022ರ ಸ್ಕೀಮ್‌ನಲ್ಲಂತೂ ಮೊದಲ ವರ್ಷದ ಗಣಿತವೇ ಬ್ರಾಂಚಿನ ಗುಂಪಿಗೆ ತಕ್ಕಂತೆ ಬೇರೆಯಾಗಿತ್ತು. ಸ್ಕೀಮ್ ಬದಲಾಗುತ್ತಿರುವುದರಿಂದ ಹಿರಿಯರು ಕೊಡುವ ಹಳೆಯ ನೋಟ್ಸನ್ನು ಸಿಲಬಸ್‌ನೊಂದಿಗೆ ತಾಳೆ ನೋಡದೆ ಓದಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಎರಡನೇ ವರ್ಷದ ಅಕ್ಕ, ಅಣ್ಣಂದಿರಿಂದ ತಪ್ಪದೆ ಕೇಳಿ ಪಡೆಯಿರಿ. ಎಷ್ಟು ಬರೆದು ತೋರಿಸಬೇಕು ಎಂಬುದು ಅವುಗಳಿಂದ ತಿಳಿಯುತ್ತದೆ.

ದಿನದ ಓದು

ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಓದಿಗೂ ಆ ವಿವೇಕ ಬೇಕು. ಬೆಳಗಿನ ತಂಪಿನಲ್ಲಿ ಎರಡು ಗಂಟೆ ಲೆಕ್ಕ ಬಿಡಿಸಿ, ಸಂಜೆ ಅರ್ಧ ಗಂಟೆ ಹಿಂದಿನ ವಾರದ ಎರಡು ಲೆಕ್ಕಗಳನ್ನು ಮತ್ತೆ ಮಾಡಿದರೆ ಸಾಕಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹಟ ಹಿಡಿದು ಕೂಡುವುದು ಬೇಡ.

ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿವೆ. ಅಧ್ಯಾಪಕರು ಬೋರ್ಡಿನ ಮೇಲೆ ಲೆಕ್ಕ ಹಾಕಿದೊಡನೆ ವಿಡಿಯೊ ನಿಲ್ಲಿಸಿ, ತಾನೇ ಬಿಡಿಸಿ, ಆಮೇಲೆ ಮುಂದುವರಿಸಬೇಕು. ಬರೀ ನೋಡುತ್ತ ಕುಳಿತರೆ ಎಲ್ಲವೂ ಬಂದಂತೆ ಭಾಸವಾಗುತ್ತದೆ, ಕೈಗೆ ಏನೂ ಬಂದಿರುವುದಿಲ್ಲ. ಮನೆಯಲ್ಲಿ ಸಾಲ ಮಾಡಿ ಬ್ರಿಡ್ಜ್ ಕೋರ್ಸಿಗೆ ಹಣ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಮಾತು. ಇಂಗ್ಲಿಷಿನಲ್ಲಿರುವ ಪ್ರಶ್ನೆಯನ್ನು ಓದಿ, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂಬುದನ್ನು ಕನ್ನಡದಲ್ಲಿ ಜೋರಾಗಿ ಹೇಳಿಕೊಳ್ಳಿ. ಉತ್ತರದ ಸಾಲುಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದು ರೂಢಿಸಿಕೊಳ್ಳಿ. ಕಲ್ಯಾಣ ಕರ್ನಾಟಕ ಭಾಗದವರಿಗಿರುವ 371(ಜೆ) ಮೀಸಲಾತಿಯಡಿ ಸೀಟು ಪಡೆದು ಬೆಂಗಳೂರಿನ ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳು, ಎರಡು ವರ್ಷ ಜೆಇಇ ತರಬೇತಿ ಪಡೆದವರ ಪಕ್ಕದಲ್ಲಿ ಕೂರಬೇಕಾಗುತ್ತದೆ. ಅವರು ಮಾತಿನಲ್ಲಿ ಚುರುಕಾಗಿ ಕಂಡರೆಂದು ಅಂಜಬೇಕಿಲ್ಲ; ಗ್ರೇಡು ಸಿಗುವುದು ಬರೆದ ಸಾಲುಗಳಿಗೆ.

ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೇ ಸೆಮಿಸ್ಟರಿಗೆ ಸೇರುವವರ ಸ್ಥಿತಿ ಬೇರೆ. ಮೊದಲ ವರ್ಷದ ಗಣಿತವನ್ನು ಅವರು ತರಗತಿಯಲ್ಲಿ ಕೇಳಿರುವುದೇ ಇಲ್ಲ. ಆದ್ದರಿಂದ ಅವರು ಈ ಮೂರು ವಿಷಯಗಳ ಜೊತೆಗೆ ಪಾರ್ಶಿಯಲ್ ಡಿಫರೆನ್ಸಿಯೇಷನ್ ಮತ್ತು ಇಂಟಿಗ್ರೇಷನ್ ಅನ್ನು ಕಡ್ಡಾಯವಾಗಿ ಮುಗಿಸಿಕೊಂಡು, ಬಿಡಿಸಲಾಗದೆ ಉಳಿದ ಲೆಕ್ಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ, ತರಗತಿ ಆರಂಭವಾದ ಮೊದಲ ವಾರದಲ್ಲೇ ಗಣಿತ ವಿಭಾಗದ ಅಧ್ಯಾಪಕರ ಮುಂದೆ ಇಡಬೇಕು.